ಪ್ರಶ್ನೆಯ ಕೊನೆಯಲ್ಲಿರುವ ಮರ್ಯಾದೆ

ನನ್ನ ತಂಗಿಯ ಮಗಳು ಉನ್ನತ ವ್ಯಾಸಂಗಕ್ಕೆಂದು ದಕ್ಷಿಣ ಕೊರಿಯಾಕ್ಕೆ ಹೊರಟಿದ್ದಾಳೆ. ಅಲ್ಲಿನ ಧಾರಾವಾಹಿಗಳನ್ನು ನೋಡಿಯೇ ಅವಳು ಅರ್ಧ ಭಾಷೆ ಕಲಿತಿದ್ದಾಳೆ. ಮದ್ರಸದಲ್ಲಿ ಅರಬಿ ವ್ಯಾಕರಣ ಕಲಿಸುವ ನನಗೆ ಯಾವ ಭಾಷೆಯಾದರೂ ಅದರ ಕಟ್ಟು ತಿಳಿಯುವ ಆಸೆ. ಅವಳ ಪಕ್ಕದಲ್ಲಿ ಪುಸ್ತಕ ಹಿಡಿದು ನಾನೂ ಕುಳಿತೆ.

ಅರಬಿಯಲ್ಲಿ ಪ್ರಶ್ನೆ ಕೇಳಬೇಕಾದರೆ 'ಹಲ್' ಎಂಬ ಪದ ವಾಕ್ಯದ ಆರಂಭದಲ್ಲೇ ಬರುತ್ತದೆ. ಉರ್ದುವಿನ 'ಕ್ಯಾ' ಕೂಡ ಸಾಮಾನ್ಯವಾಗಿ ಮುಂದೆಯೇ. ಕನ್ನಡದಲ್ಲಿ ಹಾಗಲ್ಲ. ಕ್ರಿಯಾಪದದ ಕೊನೆಗೆ 'ಆ' ಸೇರಿದರೆ ಸಾಕು. ಕೊರಿಯನ್ ಭಾಷೆ ಈ ವಿಷಯದಲ್ಲಿ ನಮ್ಮ ನೆಂಟ. ಅಲ್ಲಿಯೂ ಕ್ರಿಯಾಪದ ಕೊನೆಗೆ, ಪ್ರಶ್ನೆ ಅದರ ತುದಿಯಲ್ಲಿ.

ಆಪ್ತರೊಡನೆ 'ಗಾ' ಎಂದರೆ 'ಹೋಗ್ತೇನೆ'. ಅದನ್ನೇ ಧ್ವನಿ ಏರಿಸಿ 'ಗಾ?' ಎಂದರೆ 'ಹೋಗ್ತೀಯಾ?' 'ಗಾನಿ?' ಎಂದರೂ ಅದೇ ಅರ್ಥ, ಆದರೆ ಮಕ್ಕಳನ್ನು ದೊಡ್ಡವರು ಕೇಳುವಂತೆ ಮೃದು. 'ಗಾನ್ಯಾ?' ತುಸು ಒರಟು. ಗೆಳೆಯರ ನಡುವೆ ಅದು ಸಲಿಗೆ, ಹೊರಗಿನವರ ಕಿವಿಗೆ ಗದರಿಕೆ. 'ಗಾಲ್ಲೆ?' ಎಂದರೆ 'ಹೋಗಲು ಇಷ್ಟವಿದೆಯಾ?', 'ಗಾಲ್ಕಾ?' ಎಂದರೆ 'ಹೋಗೋಣವಾ?', 'ಗಾಜಿ?' ಎಂದರೆ 'ಹೋಗ್ತೀ ತಾನೇ?'

ಈ ಸಲಿಗೆಯ ಮಾತನ್ನು 'ಬನ್‌ಮಾಲ್' ಎನ್ನುತ್ತಾರೆ. ಅರ್ಧ ಮಾತು ಎಂದು ಅದರ ಅರ್ಥ. ಕೊನೆಗೆ 'ಯೊ' ಸೇರಿಸಿ 'ಗಾಯೊ?' ಎಂದರೆ ಮರ್ಯಾದೆ ಬಂತು. ಹಿರಿಯರನ್ನಾದರೆ 'ಗಾಸೆಯೊ?' ಎಂದೇ ಕೇಳಬೇಕು. ನಮ್ಮಲ್ಲಿ 'ಹೋಗ್ತೀಯಾ', 'ಹೋಗ್ತೀರಾ' ಎಂಬ ಭೇದವಿದ್ದಂತೆ.

"ಖಾಲಾ, ಒಂದಕ್ಷರಕ್ಕೆ ಇಷ್ಟು ಯೋಚನೆ ಯಾಕೆ?" ಎಂದಳು ಹುಡುಗಿ. ಧಾರಾವಾಹಿಯಲ್ಲಿ ಅವಳು ಕೇಳಿದ್ದು ಹೆಚ್ಚಾಗಿ ಗೆಳತಿಯರ ಮಾತು. ಅಲ್ಲಿ ವಯಸ್ಸಿನಲ್ಲಿ ಒಂದು ವರ್ಷದ ಅಂತರವೂ ಮಾತಿನ ರೀತಿಯನ್ನು ಬದಲಿಸಬಲ್ಲದು. ನಾಳೆ ಬಾಡಿಗೆ ಮನೆಯ ವೃದ್ಧೆಯನ್ನು ಇವಳು 'ಗಾ?' ಎಂದು ಕೇಳಿದರೆ, ನಮ್ಮ ಮನೆಯಲ್ಲಿ ಹಿರಿಯರು ಕಲಿಸಿದ್ದೆಲ್ಲ ಆ ಒಂದಕ್ಷರದ ಕೊರತೆಯಲ್ಲಿ ಮುಚ್ಚಿಹೋಗುತ್ತದೆ. ಆ ಹೆಂಗಸಿಗೆ ಕಾಣುವುದು ಮರ್ಯಾದೆ ತಿಳಿಯದ ಪರದೇಶದ ಹುಡುಗಿ ಮಾತ್ರ.

ಸಲಿಗೆ ಕೆಟ್ಟದ್ದು ಎಂದಲ್ಲ. ಕೊರಿಯಾದಲ್ಲಿ ಮಕ್ಕಳು ಅಮ್ಮನೊಡನೆ ಬನ್‌ಮಾಲ್ ಆಡುವುದು ಸಾಮಾನ್ಯ. ನಮ್ಮ ಮಕ್ಕಳೂ ಅಮ್ಮನಿಗೆ 'ನೀನು' ಎನ್ನುವುದಿಲ್ಲವೇ? ಆದರೆ ಹೊಸಬರೊಡನೆ ಅವರು ಮೊದಲು ಅನುಮತಿ ಕೇಳುತ್ತಾರೆ. ಅದಕ್ಕೆ 'ಮಾತನ್ನು ಕೆಳಗಿಡುವುದು' ಎಂಬ ನುಡಿಯೇ ಇದೆ. ಇಬ್ಬರೂ ಒಪ್ಪಿದ ಮೇಲೆ 'ಯೊ' ಬಿಡುತ್ತಾರೆ.

ನಮ್ಮ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: "ಮೊದಲು ಎಲ್ಲರಿಗೂ 'ಯೊ' ಹಚ್ಚು. ಅವರಾಗಿಯೇ ಹತ್ತಿರ ಕರೆದಾಗ ಬಿಡು." ಈಗ ಅವಳು ನನ್ನನ್ನು 'ಗಾಸೆಯೊ?' ಎಂದೇ ಕೇಳಿ ಅಭ್ಯಾಸ ಮಾಡುತ್ತಿದ್ದಾಳೆ.