ನಂಬರ್ ಒತ್ತಿ ಹಾಡು ಕಟ್ಟಿದವರು

8085 ಕಿಟ್ ಮುಟ್ಟಿದವರಿಗೆಲ್ಲ ಆ ಸಂಕಟ ಗೊತ್ತು. ಪುಟ್ಟ ಕೀಪ್ಯಾಡ್, ಕೆಂಪು ಅಂಕಿಗಳ ಡಿಸ್‌ಪ್ಲೇ, ಒಂದೊಂದೇ ಕೋಡ್ ಒತ್ತುತ್ತಾ ಕೂರಬೇಕು. ಮಧ್ಯದಲ್ಲಿ ಕರೆಂಟ್ ಹೋಯ್ತಾ, ಅಷ್ಟೂ ಹೋಯ್ತು. ಈ 8085ರ ಅಣ್ಣ 8080. ಆ ಚಿಪ್ ಇಟ್ಟುಕೊಂಡ ಒಂದು ಪೆಟ್ಟಿಗೆಯಿಂದ ಜಪಾನಿನಲ್ಲಿ ಒಂದು ಆಲ್ಬಂ ಹುಟ್ಟಿತು ಅಂತ ತಿಳಿದಾಗಿನಿಂದ ನಾವು ಅದನ್ನೇ ಕೇಳ್ತಾ ಇದ್ದೀವಿ.

ಆಲ್ಬಂನ ಹೆಸರೂ ಬ್ಯಾಂಡ್‌ನ ಹೆಸರೂ ಒಂದೇ: ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ. 1978ರ ನವೆಂಬರ್ 25ರಂದು ಆಲ್ಫಾ ರೆಕಾರ್ಡ್ಸ್ ಇದನ್ನು ಬಿಡುಗಡೆ ಮಾಡಿತು. ಬ್ಯಾಂಡ್‌ನಲ್ಲಿ ಮೂರು ಜನ. ಬೇಸ್ ನುಡಿಸುತ್ತಿದ್ದ ಹರುಓಮಿ ಹೊಸೊನೊ, ಕೀಬೋರ್ಡ್‌ಗೆ ರ್ಯೂಇಚಿ ಸಕಾಮೊಟೊ, ಡ್ರಮ್ಸ್‌ಗೆ ಯುಕಿಹಿರೊ ತಕಹಾಶಿ. ಹೊಸೊನೊ ಅವರ ಪ್ಲಾನ್ ಕೇಳಿದ್ರೆ ನಗು ಬರುತ್ತೆ. ಮಾರ್ಟಿನ್ ಡೆನ್ನಿ ಎಂಬ ಅಮೆರಿಕನ್ 1959ರಲ್ಲಿ 'ಫೈರ್‌ಕ್ರ್ಯಾಕರ್' ಅಂತ ಒಂದು ಟ್ಯೂನ್ ಮಾಡಿದ್ದರು. ಏಷ್ಯಾ ಅಂದ್ರೆ ಹೀಗಿರಬಹುದು ಅಂತ ಅಲ್ಲಿಂದಲೇ ಊಹಿಸಿಕೊಂಡ ಸಂಗೀತ ಅದು. ಅದನ್ನೇ ಎತ್ತಿಕೊಂಡು, ಸಿಂಥಸೈಜರ್‌ನಲ್ಲಿ ಡಿಸ್ಕೋ ಮಾಡಿ, ಪ್ರಪಂಚದ ತುಂಬಾ 40 ಲಕ್ಷ ಪ್ರತಿ ಮಾರಬೇಕು! ನಮ್ಮ ಬಗ್ಗೆ ಬೇರೆಯವರು ಕಟ್ಟಿದ ಕಥೆಯನ್ನ ನಾವೇ ನುಡಿಸಿ ಅವರಿಗೇ ವಾಪಸ್ ಕಳಿಸೋದು. ಆ ಕಿಡಿಗೇಡಿತನ ನಮಗೆ ತುಂಬಾ ಇಷ್ಟವಾಯ್ತು.

ಇನ್ನು ಪೆಟ್ಟಿಗೆಯ ವಿಷಯ. ರೋಲ್ಯಾಂಡ್ ಕಂಪನಿ 1977ರಲ್ಲಿ ತಂದ ಎಂಸಿ-8 ಮೈಕ್ರೋಕಂಪೋಸರ್. ಅಮೆರಿಕದಲ್ಲಿ ಅದರ ಬೆಲೆ 4,795 ಡಾಲರ್. ಅದರಲ್ಲಿ ಪಿಯಾನೋ ಥರದ ಮನೆಗಳಿಲ್ಲ, ಕ್ಯಾಲ್ಕ್ಯುಲೇಟರ್ ಥರದ ನಂಬರ್ ಬಟನ್‌ಗಳಿವೆ. ಪ್ರತಿ ಸ್ವರಕ್ಕೂ ಸಂಖ್ಯೆಗಳನ್ನ ಒತ್ತಬೇಕು. ಸ್ವರ ಎಷ್ಟು ಎತ್ತರದ್ದು, ಮುಂದಿನ ಸ್ವರ ಎಷ್ಟು ಹೊತ್ತಿಗೆ ಬರಬೇಕು, ಅದರಲ್ಲಿ ಎಷ್ಟು ಹೊತ್ತು ಸದ್ದು ಇರಬೇಕು. ಎರಡನೆಯದು ಸ್ಟೆಪ್, ಮೂರನೆಯದು ಗೇಟ್. ಸ್ಟೆಪ್ 24, ಗೇಟ್ 12 ಅಂದ್ರೆ ಅರ್ಧ ಸದ್ದು, ಅರ್ಧ ಮೌನ. ಒತ್ತಿದ್ದನ್ನ ಉಳಿಸಿಕೊಳ್ಳೋಕೆ ಕ್ಯಾಸೆಟ್.

ಇದನ್ನ ಓದಿ ಒಂದು ಸಂಜೆ ನಾವೂ ಲ್ಯಾಪ್‌ಟಾಪ್‌ನಲ್ಲಿ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದು ಸರಳೆ ವರಸೆ ಹಾಕಿದ್ವಿ. ಎಂಟು ಸ್ವರ, 24 ಸಂಖ್ಯೆ. ಗೇಟನ್ನ ಸ್ಟೆಪ್‌ನಷ್ಟೇ ಇಟ್ಟರೆ ಸ್ವರಗಳು ಒಂದಕ್ಕೊಂದು ಅಂಟಿಕೊಂಡವು. ಅರ್ಧ ಮಾಡಿದ್ರೆ ಕೋಳಿ ಕಾಳು ಕುಕ್ಕಿದ ಹಾಗೆ. ಒಂದೊಂದು ಸ್ವರಕ್ಕೂ ಒಂದೊಂದು ಗೇಟ್ ಕೊಡ್ತಾ ಹೋದ ಮೇಲೆ ಎಲ್ಲೋ ಒಂದು ಕಡೆ ಯಾರೋ ಉಸಿರು ತಗೊಂಡ ಹಾಗೆ ಕೇಳಿಸ್ತು. ಎಂಟು ಸ್ವರಕ್ಕೇ ಊಟದ ಹೊತ್ತು ಮೀರಿತ್ತು.

ಆ ಬ್ಯಾಂಡ್‌ನಲ್ಲಿ ಈ ಕೆಲಸ ಮಾಡುತ್ತಿದ್ದವರು ಹಿದೆಕಿ ಮತ್ಸುತಾಕೆ. ಮೂರು ಜನರ ಬ್ಯಾಂಡ್‌ನ ನಾಲ್ಕನೆಯವರು ಅಂತಲೇ ಅವರನ್ನ ಕರೆಯುತ್ತಾರೆ. ಸ್ಟೇಜ್ ಮೇಲೆ ಹಿಂದೆ, ಗೋಡೆಯಂಥ ಮೂಗ್ ಸಿಂಥಸೈಜರ್‌ನ ವೈರ್‌ಗಳ ಮುಂದೆ ಇರುತ್ತಿದ್ದರು. ಬೇರೆ ಬ್ಯಾಂಡ್‌ಗಳಲ್ಲಿ ಎಲ್ಲರೂ ಡ್ರಮ್ಮರ್‌ನ ಲಯ ಹಿಡಿದು ಹೋಗ್ತಾರೆ. ಇಲ್ಲಿ ಡ್ರಮ್ಮರ್ ತಕಹಾಶಿಯೇ ಹೆಡ್‌ಫೋನ್ ಹಾಕಿಕೊಂಡು ಯಂತ್ರದ ಟಿಕ್‌ಟಿಕ್ ಕೇಳಿಸಿಕೊಂಡು ನುಡಿಸಬೇಕಿತ್ತು. ಯಂತ್ರ ಯಾರಿಗೂ ಕಾಯಲ್ಲ. ಆದ್ರೂ 'ಫೈರ್‌ಕ್ರ್ಯಾಕರ್' ಕೇಳಿದ್ರೆ ಕಾಲು ತಾನಾಗೇ ಕುಣಿಯುತ್ತೆ.

ನಮ್ಮಲ್ಲಿ ಕೆಲವರು ಜೂನಿಯರ್ ಪರೀಕ್ಷೆ ಮುಗಿಸಿ, ಪಿಯುಸಿ ಬಂತು, ಸಿಇಟಿ ಬಂತು ಅಂತ ಸಂಗೀತದ ಕ್ಲಾಸ್ ನಿಲ್ಲಿಸಿದವರು. ಕೀಬೋರ್ಡ್ ಅಟ್ಟ ಸೇರಿದೆ. ಹಾಡೋರು ಆ ಕಡೆ, ಸರ್ಕ್ಯೂಟ್ ಬಿಡಿಸೋರು ಈ ಕಡೆ ಅಂತ ಮನೆಯಲ್ಲೂ ಕಾಲೇಜಲ್ಲೂ ಗೆರೆ ಎಳೆದಾಗಿದೆ. ಮತ್ಸುತಾಕೆ ಆ ಗೆರೆಯ ಮೇಲೇ ಕೂತು ಕೆಲಸ ಮಾಡಿದವರು. ಅವರು ಒತ್ತಿದ ಸಂಖ್ಯೆಗಳೇ ಸಂಗೀತ.

ಈಗ ಒಂದು ಸಾಲು ಟೈಪ್ ಮಾಡಿದ್ರೆ ಎಐ ಪೂರ್ತಿ ಹಾಡು ಕೊಡುತ್ತೆ. ಇನ್ನು ನಾವು ಮಾಡೋದೇನು ಅನ್ನೋ ಮಾತು ಹಾಸ್ಟೆಲ್‌ನಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತೆ. 1978ರಲ್ಲೂ ಯಂತ್ರವೇ ನುಡಿಸಿತು, ಸುಸ್ತಾಗದೆ, ತಾಳ ತಪ್ಪದೆ. ಆದರೆ ಯಾವ ಸ್ವರ ಎಲ್ಲಿ ನಿಲ್ಲಬೇಕು ಅಂತ ಅದಕ್ಕೆ ಗೊತ್ತಿರಲಿಲ್ಲ. ಅದನ್ನ ಒಬ್ಬರು ಕೂತು, ಕೇಳಿ, ಸರಿಹೋಗಲಿಲ್ಲ ಅಂತ ಇನ್ನೊಂದು ನಂಬರ್ ಒತ್ತಿ ತೀರ್ಮಾನಿಸಬೇಕಿತ್ತು. ಆ ತೀರ್ಮಾನವನ್ನ ಬಿಟ್ಟುಕೊಡದೇ ಇರೋದೇ ನಮ್ಮ ಪಾಲಿನ ಕೆಲಸ ಅಂತ ನಮಗೆ ಅನ್ನಿಸುತ್ತೆ. ಹಾಡಿಗೂ ಅಷ್ಟೇ, ಕೋಡಿಗೂ ಅಷ್ಟೇ.

ತಕಹಾಶಿ ಮತ್ತು ಸಕಾಮೊಟೊ ಇಬ್ಬರೂ 2023ರಲ್ಲಿ ತೀರಿಕೊಂಡರು. ಆಲ್ಬಂ ಮಾತ್ರ ಒಂದು ಚೂರೂ ಮುದಿಯಾಗಿಲ್ಲ. ಮೊದಲು ಆರ್ಕೇಡ್ ಗೇಮ್‌ನ ಬೀಪ್ ಸದ್ದುಗಳು ಬರುತ್ತವೆ, ಅದನ್ನೂ ಸಿಂಥಸೈಜರ್‌ನಲ್ಲೇ ಹುಟ್ಟಿಸಿದ್ದು. ಆಮೇಲೆ 'ಫೈರ್‌ಕ್ರ್ಯಾಕರ್'. ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸದ್ದು ಎಲ್ಲಿ ನಿಲ್ಲುತ್ತೆ ಅಂತ ಗಮನಿಸಿ.