ಹಿಡಿಯಲ್ಲಿ ಉಳಿದ ಕಾಲ

ಭಾರತೀನಗರದ ಕಡೆಯವರಿಗೆ ಹಿಡಿಯನ್ನು ನೋಡಿ ಆಯುಧವನ್ನು ಗುರುತಿಸುವುದು ಹೊಸದೇನಲ್ಲ. ಕಬ್ಬು ಕಡಿಯುವ ಮಚ್ಚುಗಳನ್ನು ಒಂದೆಡೆ ಸೇರಿಸಿಟ್ಟರೂ ಹಿಡಿಯ ಸವೆತದಿಂದಲೇ ಪ್ರತಿಯೊಬ್ಬನೂ ತನ್ನದನ್ನು ಆರಿಸಿಕೊಳ್ಳುತ್ತಾನೆ. ನಮ್ಮ ದೊಡ್ಡಪ್ಪನವರು ಬಿಟ್ಟುಹೋದ ಜಪಾನಿ ಬಯೋನೆಟ್ಟಿನ ವಿಷಯದಲ್ಲಿಯೂ ನಿಜವನ್ನು ತಿಳಿಸಿದ್ದು ಅದರ ಹಿಡಿಯೇ.

ದೊಡ್ಡಪ್ಪನವರು ಮೈಸೂರು ಸಂಸ್ಥಾನದ ಒಂದನೆಯ ಪದಾತಿ ದಳದಲ್ಲಿದ್ದರು. 1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಬ್ರಿಟಿಷರು ಜಪಾನೀಯರಿಗೆ ಶರಣಾದಾಗ, ಅಲ್ಲಿದ್ದ ಆ ದಳದೊಡನೆ ಅವರೂ ಸೆರೆಯಾದರು. "ಕಾಳಗದಲ್ಲಿ ಶತ್ರುವಿನ ಕೈಯಿಂದ ಕಿತ್ತುಕೊಂಡದ್ದು" ಎಂದು ಮನೆಯ ಹಿರಿಯರು ಆ ಬಯೋನೆಟ್ಟನ್ನು ತೋರಿಸುತ್ತಿದ್ದರು. ದೊಡ್ಡಪ್ಪನವರು ಮಾತ್ರ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಜಪಾನಿ ಸೈನಿಕರ ಈ ಬಯೋನೆಟ್ಟಿಗೆ 'ಟೈಪ್ 30' ಎಂದು ಹೆಸರು. ಮೇಜಿ ಚಕ್ರವರ್ತಿಯ ಆಳ್ವಿಕೆಯ 30ನೆಯ ವರ್ಷ, ಅಂದರೆ 1897ರದು. ಅಲಗಿನ ಉದ್ದ ಸುಮಾರು 40 ಸೆಂ.ಮೀ. ಮೊದಮೊದಲು ಹಿಡಿಯ ಮರದ ಪಟ್ಟಿಗಳನ್ನು ಅಂಗೈಗೆ ಒಪ್ಪುವಂತೆ ನಯವಾಗಿ ತಿದ್ದಿ, ತಿರುಪುಮೊಳೆಗಳಿಂದ ಬಿಗಿಯುತ್ತಿದ್ದರು. ಹಿಡಿಯ ತುದಿ ಹಕ್ಕಿಯ ತಲೆಯಂತೆ ಬಾಗಿರುತ್ತಿತ್ತು. ಅಡ್ಡಪಟ್ಟಿಯ ಒಂದು ಕೊನೆ ಕೊಕ್ಕೆಯಾಗಿರುತ್ತಿತ್ತು. ಯುದ್ಧ ಬೆಳೆದು ಸಾಮಗ್ರಿಯೂ ಸಮಯವೂ ಸಾಲದಾದಂತೆ ತಿರುಪಿನ ಜಾಗಕ್ಕೆ ರಿವೆಟ್ ಬಂದಿತು, ಬಾಗಿನ ಜಾಗಕ್ಕೆ ನೇರ ಅಂಚು ಬಂದಿತು, ಕೊಕ್ಕೆ ಮಾಯವಾಯಿತು. ಕಾರ್ಖಾನೆಯಿಂದ ಕಾರ್ಖಾನೆಗೆ ವ್ಯತ್ಯಾಸಗಳಿದ್ದುದರಿಂದ ಒಂದೇ ಗುರುತನ್ನು ನಂಬದೆ, ಎಲ್ಲವನ್ನೂ ಕೂಡಿಸಿ ನೋಡಬೇಕು.

ನಮ್ಮ ಮನೆಯದರ ಹಿಡಿಗೆ ರಿವೆಟ್ಟುಗಳಿವೆ, ಅಂಚುಗಳು ನೇರವಾಗಿವೆ, ಮರ ಒರಟಾಗಿದೆ, ತುದಿ ಚೌಕವಾಗಿದೆ. ಕೊಕ್ಕೆಯಿಲ್ಲ. ಒರೆಯೂ ಮರದ್ದೇ. ಇವೆಲ್ಲ ಒಟ್ಟಿಗೆ ಕಾಣುವುದು ಯುದ್ಧದ ಕಡೆಯ ವರ್ಷಗಳಲ್ಲಿ. ಆದುದರಿಂದ 1945ರ ಸೆಪ್ಟೆಂಬರಿನಲ್ಲಿ ಜಪಾನೀಯರು ಸಿಂಗಪುರದಲ್ಲಿ ಶಸ್ತ್ರ ಕೆಳಗಿಟ್ಟಾಗ, ಬಿಡುಗಡೆಯ ಹೊತ್ತಿಗೆ ಇದು ಅವರ ಕೈಸೇರಿರಬೇಕು.

ಇದನ್ನು ಹೇಳಿದಾಗ ಬಂಧುಗಳಲ್ಲಿ ಕೆಲವರಿಗೆ ನೋವಾಯಿತು. "ಹಾಗಾದರೆ ದೊಡ್ಡಪ್ಪ ಹೋರಾಡಲೇ ಇಲ್ಲವೇ ಮೇಷ್ಟ್ರೇ?" ಎಂದು ದಾಯಾದಿಯೊಬ್ಬರು ಕೇಳಿದರು. ಮನೆಯ ಕಥೆಯಲ್ಲಿ ಕಾಳಗದ ಒಂದು ದಿನವಿತ್ತು. ಸೆರೆಯ ಮೂರೂವರೆ ವರ್ಷಗಳಿಗೆ ಜಾಗವೇ ಇರಲಿಲ್ಲ. ಅವರು ಮಾತನಾಡದೆ ಉಳಿದದ್ದು ಆ ವರ್ಷಗಳ ಬಗ್ಗೆ.

ಪ್ರಿಯ ಶಿಷ್ಯರೇ, ನಿಮ್ಮ ಅಟ್ಟಗಳಲ್ಲಿಯೂ ಅಜ್ಜಂದಿರು ತಂದ ಇಂಥ ವಸ್ತುಗಳಿರಬಹುದು. ಉಜ್ಜಿ ಹೊಳಪು ಕೊಡುವ ಮೊದಲು ಹಿಡಿಯನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ.