ಮಾತು ಕೇಳುವ ಮಕ್ಕಳು

'ವಿಧೇಯತೆ' ಎಂಬುದು ನಮಗೆ ಪುಸ್ತಕದ ಮಾತು. ರಜಾ ಅರ್ಜಿಯ ಕೊನೆಗೆ 'ತಮ್ಮ ವಿಧೇಯ ವಿದ್ಯಾರ್ಥಿ' ಎಂದು ಬರೆಯುವುದನ್ನು ಬಿಟ್ಟರೆ ಅದರ ಗೊಡವೆಗೆ ನಾವು ಹೋಗುವುದೇ ಕಡಿಮೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಾವ ಮನೆಗೆ ಹೋದರೂ ತಾಯಂದಿರು ಹೇಳುವುದು 'ನಮ್ಮ ಹುಡುಗ ಮಾತು ಕೇಳ್ತಾನೆ' ಎಂದೇ. ಕೇಳುವುದೆಂದರೆ ಕಿವಿಗೊಡುವುದೂ ಹೌದು, ಅದರಂತೆ ನಡೆಯುವುದೂ ಹೌದು. ಬೈಬಲಿನ ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲೂ ಹೀಗೆಯೇ. 'ಶಮಾ' ಎಂಬ ಒಂದೇ ಕ್ರಿಯಾಪದ ಆಲಿಸುವುದಕ್ಕೂ ಪಾಲಿಸುವುದಕ್ಕೂ ಸಲ್ಲುತ್ತದೆ. ನಾವು ದೊಡ್ಡವರು ಮಾತ್ರ ಮಕ್ಕಳಿಂದ ಎರಡನೆಯದನ್ನಷ್ಟೇ ಬಯಸುತ್ತೇವೆ!

ಚರ್ಚಿನಲ್ಲಿ ಭಾನುವಾರದ ಧರ್ಮೋಪದೇಶ ತರಗತಿ ನಡೆಸುತ್ತಿದ್ದಾಗ ನನಗೆ ಈ ವಿಷಯ ಬಿಸಿಯಾಗಿ ತಟ್ಟಿತು. ಕರಾವಳಿಯಿಂದ ಘಟ್ಟ ಹತ್ತಿ ಬಂದು ಗದ್ದೆ, ತೋಟ ಮಾಡಿಕೊಂಡ ಕೊಂಕಣಿ ಮನೆಗಳ ಮಕ್ಕಳೇ ಅಲ್ಲಿ ಹೆಚ್ಚು. ಪಿಯುಸಿ ಮುಗಿಸುತ್ತಿದ್ದ ಹುಡುಗಿಯೊಬ್ಬಳು ತರಗತಿ ಮುಗಿದ ಮೇಲೂ ಕೂತಿದ್ದಳು. "ಟೀಚರ್, ನನಗೆ ಸಿಸ್ಟರ್ ಆಗಬೇಕು ಅಂತ ಆಸೆ. ಅಪ್ಪ ಬೇಡ ಅಂತಾರೆ. ತಂದೆ ತಾಯಿಯನ್ನು ಗೌರವಿಸು ಅನ್ನೋದು ದೇವರ ಆಜ್ಞೆ. ಕರೆಯೋದೂ ದೇವರೇ ಅಂದ್ರೆ ನಾನು ಯಾರ ಮಾತು ಕೇಳಲಿ?" ಎಂದಳು.

ಇದು ಇವಳೊಬ್ಬಳ ಪ್ರಶ್ನೆಯಲ್ಲ. ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕರು 1844ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ತಮ್ಮವರ ವಿರೋಧ ಕಟ್ಟಿಕೊಂಡು ದೀಕ್ಷಾಸ್ನಾನ ಪಡೆದರು. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದರು. ತೀರ್ಥಹಳ್ಳಿ ಸೀಮೆಯ ಕಥೆ ಹೇಳುವ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ದೇವಯ್ಯನಿಗೂ ಪಾದ್ರಿಯ ಮಾತು ಒಂದು ಕಡೆ, ಮನೆತನ ಒಂದು ಕಡೆ. ಕೌಂಡಿನ್ಯರ ಧೈರ್ಯ ನನಗೆ ಮೆಚ್ಚು. ಅವರ ಮನೆಯವರಿಗಾದ ಸಂಕಟವನ್ನು ಮಾತ್ರ ಹಗುರವಾಗಿ ಕಾಣಲಾರೆ.

ಹುಡುಗಿಗೆ ನಾನು ಲೂಕನ ಸುವಾರ್ತೆಯ ಹನ್ನೆರಡು ವರ್ಷದ ಯೇಸುವನ್ನು ನೆನಪಿಸಿದೆ. ಹೆತ್ತವರಿಗೆ ಹೇಳದೆ ದೇವಾಲಯದಲ್ಲೇ ಉಳಿದ ಬಾಲಕನನ್ನು ಅವರು ಮೂರು ದಿನದ ಮೇಲೆ ಕಂಡರು. ತಾನು ತಂದೆಯ ಮನೆಯಲ್ಲೇ ಇರಬೇಕಲ್ಲವೇ ಎಂದು ಅವನು ಎದುರಾಡಿದ್ದೂ ನಿಜ, ಆಮೇಲೆ ಅವರೊಡನೆ ನಜರೇತಿಗೆ ಹೋಗಿ ಅವರು ಹೇಳಿದಂತೆ ಇದ್ದದ್ದೂ ನಿಜ. ತನ್ನ ಮನಸ್ಸಿನಲ್ಲಿರುವುದನ್ನು ಅವನು ಮುಚ್ಚಿಡಲಿಲ್ಲ. "ನೀನೂ ಅಪ್ಪನಿಗೆ ಪೂರ್ತಿ ಹೇಳು. ಕಾಯಬೇಕಾಗಿ ಬಂದರೆ ಕಾಯಿ. ಕಾದ ಮಾತ್ರಕ್ಕೆ ದೇವರ ಕರೆ ಹಳಸುವುದಿಲ್ಲ" ಎಂದೆ.

ಮುಂದಿನ ವಾರವೇ ಅವಳ ತಂದೆ ಬಂದರು. "ಏನು ಟೀಚರ್, ನಮ್ಮ ಮಗಳು ಎದುರು ಮಾತಾಡೋದು ಕಲಿತಳು!"

ಸುವಾರ್ತೆಯಲ್ಲಿ ಇಬ್ಬರು ಮಕ್ಕಳ ಸಾಮತಿಯೊಂದಿದೆ. ತೋಟಕ್ಕೆ ಹೋಗು ಎಂದಾಗ ಒಬ್ಬ ಆಗುವುದಿಲ್ಲ ಎಂದವನು ಆಮೇಲೆ ಮನಸ್ಸು ಬದಲಿಸಿ ಹೋದ. ಇನ್ನೊಬ್ಬ ಹೂಂ ಎಂದು ಹೇಳಿ ಹೋಗಲೇ ಇಲ್ಲ. ತೋಟವಿರುವ ಮನುಷ್ಯನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ನಕ್ಕರು. "ಅವಳು ಯಾಕೆ ಹೋಗ್ತೀನಿ ಅಂತಾಳೆ, ಕೇಳಿದ್ದೀರಾ?" ಎಂದೆ. ನಗು ನಿಂತಿತು. "ಇಲ್ಲ" ಎಂದರು.

ಅವಳೀಗ ಬಿ.ಎ. ಎರಡನೇ ವರ್ಷ. ಕಾನ್ವೆಂಟಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಪ್ಪ ಮಗಳಿಗೆ ಅದೇ ಚರ್ಚೆಯಂತೆ. ಇವರಿಬ್ಬರ ವಾದದಲ್ಲಿ ಗೊನೆ ಹಾಗೇ ಬಿದ್ದಿರುತ್ತದೆ, ಮೆಟ್ಟುಗತ್ತಿಯ ಮುಂದೆ ತಾನೊಬ್ಬಳೇ ಕೂರಬೇಕು ಎಂದು ತಾಯಿಯ ದೂರು.